ಒಂದೇ ಬದುಕು, ಎರಡು ಪುಸ್ತಕ: ಕಲಾವಿದರ ಎರಡನೆಯ ಆತ್ಮಕಥೆಯ ಬಗ್ಗೆ ಅಭಿಮಾನಿಗಳ ತಕರಾರೇನು?

ಅಮೆರಿಕದ ಗಾಯಕಿ ಮತ್ತು ನಟಿ ಶೇರ್ 2024ರ ನವೆಂಬರ್‌ನಲ್ಲಿ ಆತ್ಮಕಥೆಯನ್ನು ಪ್ರಕಟಿಸಿದಾಗ, ಅದು ಮೊದಲ ಭಾಗ ಮಾತ್ರ ಎಂಬುದನ್ನು ಪುಸ್ತಕದ ಹೆಸರಿನಲ್ಲೇ ತಿಳಿಸಿದ್ದರು. ಉಳಿದ ಕಥೆಗೆ ಕಾಯಬೇಕೆಂಬುದು ಕೊಳ್ಳುವವರಿಗೆ ಮೊದಲೇ ಗೊತ್ತಿತ್ತು. ಎಲ್ಲ ಕಲಾವಿದರೂ ಹೀಗೆ ಮುಂಚಿತವಾಗಿ ಹೇಳುವುದಿಲ್ಲ. ಒಂದು ಆತ್ಮಕಥೆಯನ್ನು ಬರೆದೋ ಬರೆಸಿಯೋ ಮುಗಿಸಿದವರು ಹತ್ತಿಪ್ಪತ್ತು ವರ್ಷ ಕಳೆದ ಮೇಲೆ ಇನ್ನೊಂದನ್ನು ತರುತ್ತಿದ್ದಾರೆ ಎಂಬ ಸುದ್ದಿ ಬಂದಾಗ ಓದುಗರು ತಬ್ಬಿಬ್ಬಾಗುತ್ತಾರೆ. ಬದುಕು ಒಂದೇ ಆಗಿರುವಾಗ ಆತ್ಮಕಥೆ ಎರಡೇಕೆ? ಮೊದಲನೆಯದರಲ್ಲಿ ಹೇಳಿದ್ದು ಸುಳ್ಳೇ? ಸುಳ್ಳಲ್ಲವಾದರೆ ಮತ್ತೆ ಹೇಳಲು ಉಳಿದಿರುವುದೇನು? ಅಭಿಮಾನಿಗಳಲ್ಲಿ ಕೆಲವರು ಹೊಸ ಪುಸ್ತಕವನ್ನು ತಲೆಯ ಮೇಲೆ ಹೊತ್ತು ಮೆರೆಸುತ್ತಾರೆ, ಕೆಲವರು ಇದು ದುಡ್ಡಿನ ಆಸೆ ಎಂದು ಮುಖ ತಿರುಗಿಸುತ್ತಾರೆ, ಇನ್ನು ಕೆಲವರು ಯಾರೋ ಹತ್ತಿರದವರು ಹೇಳಿಕೊಟ್ಟು ಬರೆಸಿದ್ದು ಎಂದು ನಂಬುತ್ತಾರೆ.

ಈ ಮಾತುಗಳಲ್ಲಿ ಯಾವುದು ಸರಿ ಎಂದು ತೀರ್ಮಾನಿಸುವ ಮೊದಲು, ಎರಡನೆಯ ಆತ್ಮಕಥೆ ಹುಟ್ಟುವ ಬಗೆಯನ್ನು ತಿಳಿದುಕೊಳ್ಳಬೇಕಾಗುತ್ತದೆ. ಕಲಾವಿದರ ಪ್ರಾಮಾಣಿಕತೆಯ ಪ್ರಶ್ನೆ ಇದ್ದೇ ಇದೆ. ಆದರೆ ಭಿನ್ನಾಭಿಪ್ರಾಯದ ಬಹುಪಾಲು ಹುಟ್ಟುವುದು ಅದಕ್ಕಿಂತ ಸಣ್ಣದೆಂದು ಕಾಣುವ ಎರಡು ಸಂಗತಿಗಳಿಂದ: ಪುಸ್ತಕ ಯಾವ ಬಗೆಯದು ಎಂಬುದನ್ನು ಓದುಗರಿಗೆ ಹೇಳದೆ ಹೋಗುವುದು, ಮತ್ತು ಅದನ್ನು ಅಕ್ಷರಕ್ಕಿಳಿಸಿದವರು ಯಾರು ಎಂಬುದನ್ನು ಓದುಗರು ಗಮನಿಸದೆ ಹೋಗುವುದು.

ತುಮಕೂರಿನಲ್ಲಿ ಈ ಪ್ರಶ್ನೆಗೆ ತೂಕ ಹೆಚ್ಚು

ತುಮಕೂರು ಜಿಲ್ಲೆಯಲ್ಲಿ ಕಲಾವಿದರ ಆತ್ಮಕಥೆಯನ್ನು ಹೊತ್ತು ಕಳೆಯುವ ಓದು ಎಂದಷ್ಟೇ ಎಣಿಸುವಂತಿಲ್ಲ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ನಾಟಕ ಕಂಪನಿಯ ಚರಿತ್ರೆಯನ್ನು ಬಿಟ್ಟು ಕನ್ನಡ ವೃತ್ತಿರಂಗಭೂಮಿಯ ಚರಿತ್ರೆ ಬರೆಯಲು ಸಾಧ್ಯವಿಲ್ಲ. ಆ ಕಂಪನಿಯನ್ನು ಬೆಳೆಸಿದ ಗುಬ್ಬಿ ವೀರಣ್ಣನವರು ಸದಾರಮೆ ನಾಟಕದ ಕಳ್ಳನ ಪಾತ್ರದಿಂದ ಮನೆಮಾತಾದವರು. ಕುರುಕ್ಷೇತ್ರಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದವರು. ಹಾಸ್ಯನಟ ನರಸಿಂಹರಾಜು ಅವರು ತಿಪಟೂರಿನವರು, ಉಮಾಶ್ರೀ ಅವರು ಅದೇ ತಾಲ್ಲೂಕಿನ ನೊಣವಿನಕೆರೆಯವರು. ಇಂಥವರ ಬದುಕಿನ ಪ್ರಸಂಗಗಳು ಇಲ್ಲಿ ಪುಸ್ತಕಕ್ಕೆ ಮೊದಲೇ ಜಗುಲಿಯ ಮಾತಿನಲ್ಲಿ ಹರಿದಾಡಿರುತ್ತವೆ. ಪುಸ್ತಕ ಬಂದಾಗ ಊರಿನವರು ಅದನ್ನು ತಾವು ಕೇಳಿದ ಕಥೆಯೊಂದಿಗೆ ತಾಳೆ ನೋಡುತ್ತಾರೆ. ಎರಡನೆಯ ಪುಸ್ತಕವೂ ಬಂದರೆ ತಾಳೆ ನೋಡಬೇಕಾದ ಪಾಠಗಳು, ಅಂದರೆ ಒಂದೇ ಕಥೆಯ ಬೇರೆ ಬೇರೆ ರೂಪಗಳು, ಮೂರಾಗುತ್ತವೆ.

ಇನ್ನೊಂದು ಕಾರಣ ದಾಖಲೆಗಳ ಕೊರತೆ. ನಾಟಕ ಕಂಪನಿಗಳು ಊರಿಂದೂರಿಗೆ ಕ್ಯಾಂಪು ಬದಲಿಸುತ್ತಿದ್ದವು. ಅವುಗಳ ಕರಪತ್ರ, ಲೆಕ್ಕದ ಪುಸ್ತಕ, ನಟರ ಸಂಬಳದ ಪಟ್ಟಿ ಮುಂತಾದವು ಮಳೆಗೆ ನೆನೆದೋ ಗೆದ್ದಲು ಹಿಡಿದೋ ಬಹುಮಟ್ಟಿಗೆ ಹಾಳಾಗಿವೆ. ಆದ್ದರಿಂದ ಯಾವ ನಾಟಕ ಯಾವ ಊರಿನಲ್ಲಿ ಎಷ್ಟು ದಿನ ನಡೆಯಿತು, ಯಾರು ಯಾವಾಗ ಕಂಪನಿ ಬಿಟ್ಟರು ಎಂಬ ಸರಳ ಪ್ರಶ್ನೆಗೂ ನಟನಟಿಯರ ನೆನಪೇ ಆಧಾರ. ಸರ್ಕಾರಿ ಅಧಿಕಾರಿಯೊಬ್ಬರು ನೆನಪುಗಳನ್ನು ಬರೆದು ತಪ್ಪು ಮಾಡಿದರೆ ಕಡತ ತೆಗೆದು ತಿದ್ದಬಹುದು. ನಾಟಕದವರು ಎರಡು ಪುಸ್ತಕಗಳಲ್ಲಿ ಎರಡು ಬಗೆಯಾಗಿ ಹೇಳಿದರೆ ತಿದ್ದಲು ಕಡತವೇ ಇರುವುದಿಲ್ಲ.

ಮುಂದುವರಿಕೆ ಬೇರೆ, ಮರುಕಥನ ಬೇರೆ

ಎರಡನೆಯ ಆತ್ಮಕಥೆ ಎಂಬ ಒಂದೇ ಹೆಸರಿನಡಿ ಎರಡು ಬೇರೆ ಬಗೆಯ ಪುಸ್ತಕಗಳು ಸೇರಿಕೊಂಡಿವೆ. ಮೊದಲನೆಯ ಬಗೆ ಮುಂದುವರಿಕೆ. ಮೊದಲ ಪುಸ್ತಕ ನಿಂತಲ್ಲಿಂದ ಎರಡನೆಯದು ಹೊರಡುತ್ತದೆ. ಕೋಲಾರ ಜಿಲ್ಲೆಯ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ತಮ್ಮ ಬದುಕನ್ನು 'ಭಾವ' ಎಂಬ ಹೆಸರಿನಲ್ಲಿ ಮೂರು ಸಂಪುಟಗಳಾಗಿ ಬರೆದದ್ದನ್ನು ಯಾರೂ ಮಾತು ಬದಲಿಸುವುದೆಂದು ದೂರಲಿಲ್ಲ. ಸಿದ್ದಲಿಂಗಯ್ಯನವರ 'ಊರುಕೇರಿ' ಭಾಗಭಾಗವಾಗಿ ಬಂದಾಗಲೂ ಓದುಗರು ಮುಂದಿನ ಭಾಗಕ್ಕೆ ಕಾದರೇ ಹೊರತು ಹಿಂದಿನದನ್ನು ಅನುಮಾನಿಸಲಿಲ್ಲ. ಮನರಂಜನೆಯ ಲೋಕದಿಂದಲೇ ಉದಾಹರಣೆ ಬೇಕೆಂದರೆ ನಟಿ ಜೂಲಿ ಆಂಡ್ರೂಸ್ ಅವರದು ಇದೆ. 2008ರಲ್ಲಿ ಬಂದ ಅವರ ಮೊದಲ ಪುಸ್ತಕ ಬಾಲ್ಯದಿಂದ ಹೊರಟು ಹಾಲಿವುಡ್ಡಿನ ಬಾಗಿಲಿಗೆ ಬಂದು ನಿಂತುಬಿಟ್ಟಿತು. ಜನ ಅವರನ್ನು ಗುರುತಿಸುವ ಸಿನಿಮಾಗಳ ಕಾಲವೆಲ್ಲ 2019ರ ಎರಡನೆಯ ಪುಸ್ತಕಕ್ಕೆ ಬಿತ್ತು. ಹನ್ನೊಂದು ವರ್ಷ ಕಾಯಿಸಿದರೆಂಬ ಗೊಣಗಾಟಕ್ಕೆ ಅಲ್ಲಿ ಜಾಗವಿದೆ, ವಂಚನೆಯ ಆರೋಪಕ್ಕೆ ಇಲ್ಲ.

ಎರಡನೆಯ ಬಗೆ ಮರುಕಥನ. ಅದೇ ಬಾಲ್ಯ, ಅದೇ ಮದುವೆ, ಅದೇ ಗೆಳೆತನಗಳನ್ನು ವಯಸ್ಸಾದ ಮೇಲೆ ಮತ್ತೊಮ್ಮೆ ನೋಡಿ ಬರೆಯುವುದು. ಕನ್ನಡದಲ್ಲಿ ಇದಕ್ಕೆ ದೊಡ್ಡ ಪೂರ್ವಜರು ಶಿವರಾಮ ಕಾರಂತರು. 1948ರಲ್ಲಿ, ನಲವತ್ತೈದರ ಆಸುಪಾಸಿನಲ್ಲಿ, 'ಹುಚ್ಚು ಮನಸ್ಸಿನ ಹತ್ತು ಮುಖಗಳು' ಪ್ರಕಟಿಸಿದ ಅವರು ಎಪ್ಪತ್ತು ದಾಟಿದ ಮೇಲೆ 'ಸ್ಮೃತಿಪಟಲದಿಂದ' ಎಂದು ಮತ್ತೆ ಸಂಪುಟಗಳನ್ನೇ ಬರೆದರು. ಕಾರಂತರಿಗೆ ಸಿಕ್ಕ ರಿಯಾಯಿತಿ ನಟನಟಿಯರಿಗೆ ಸಿಗುವುದಿಲ್ಲ ಎಂಬುದು ಇಲ್ಲಿ ಗಮನಿಸಬೇಕಾದ ಮಾತು. ಸಾಹಿತಿಯ ಮನಸ್ಸು ಬದಲಾದರೆ ಅದನ್ನು ಬೆಳವಣಿಗೆ ಎನ್ನುತ್ತೇವೆ, ನಟಿಯ ಮನಸ್ಸು ಬದಲಾದರೆ ನಾಟಕ ಎನ್ನುತ್ತೇವೆ. ಇದು ನ್ಯಾಯವಲ್ಲ.

ಮುಂದುವರಿಕೆಗೆ ಕೇಳಬೇಕಾದ ಪ್ರಶ್ನೆ, ಹೊಸ ವರ್ಷಗಳ ಕಥೆ ಚೆನ್ನಾಗಿದೆಯೇ ಎಂಬುದು. ಮರುಕಥನಕ್ಕೆ ಕೇಳಬೇಕಾದದ್ದು, ಹಳೆಯ ಘಟನೆಯನ್ನು ನೋಡುವ ದೃಷ್ಟಿ ಏಕೆ ಬದಲಾಯಿತು ಎಂಬುದು. ಮುಖಪುಟದಲ್ಲಿ ಇದಾವುದರ ಸುಳಿವೂ ಇಲ್ಲದಿದ್ದಾಗ ಒಬ್ಬ ಓದುಗ ಮುಂದುವರಿಕೆಯನ್ನು ನಿರೀಕ್ಷಿಸಿ ಕೊಂಡು, ಮರುಕಥನವನ್ನು ಓದಿ, ಹೇಳಿದ್ದನ್ನೇ ಹೇಳಿದ್ದಾರೆ ಎಂದು ಬೇಸರಪಡುತ್ತಾನೆ. ಇನ್ನೊಬ್ಬ ಓದುಗಳು ಅದೇ ಪುಸ್ತಕದಲ್ಲಿ ಹಳೆಯ ಘಟನೆಗೆ ಹೊಸ ಅರ್ಥ ಕಂಡು ಸಂತೋಷಪಡುತ್ತಾಳೆ. ಇಬ್ಬರೂ ಓದಿದ್ದು ಒಂದೇ ಪುಸ್ತಕವಾದರೂ ಅವರ ವಾದ ಎಲ್ಲಿಯೂ ಸಂಧಿಸುವುದಿಲ್ಲ.

ಟೀನಾ ಟರ್ನರ್ ಅವರ ಎರಡು ಪುಸ್ತಕಗಳು

ಮರುಕಥನ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಗಾಯಕಿ ಟೀನಾ ಟರ್ನರ್ ಅವರ ಉದಾಹರಣೆ ಬಹಳ ಸ್ಪಷ್ಟವಾಗಿದೆ. 1986ರಲ್ಲಿ, ನಲವತ್ತಾರರ ವಯಸ್ಸಿನಲ್ಲಿ, ಅವರು ಸಂಗೀತ ಪತ್ರಕರ್ತ ಕರ್ಟ್ ಲೋಡರ್ ಅವರ ಜೊತೆಗೂಡಿ ಮೊದಲ ಆತ್ಮಕಥೆ ತಂದರು. ಮೊದಲ ಪತಿಯೂ ಸಂಗೀತದ ಜೊತೆಗಾರರೂ ಆಗಿದ್ದ ಐಕ್ ಟರ್ನರ್ ಅವರ ಕೈಯಲ್ಲಿ ಅನುಭವಿಸಿದ ಹಿಂಸೆ, ಅದರಿಂದ ಹೊರಬಂದ ಬಗೆ ಆ ಪುಸ್ತಕದ ತಿರುಳು. 1993ರಲ್ಲಿ ಅದು ಸಿನಿಮಾ ಆಯಿತು. 1999ರಲ್ಲಿ ಐಕ್ ತಮ್ಮ ಕಡೆಯ ಕಥೆಯನ್ನು ಬೇರೆ ಪುಸ್ತಕವಾಗಿ ಬರೆದರು, 2007ರಲ್ಲಿ ತೀರಿಕೊಂಡರು. 2018ರಲ್ಲಿ, ಎಪ್ಪತ್ತೆಂಟರ ವಯಸ್ಸಿನಲ್ಲಿ, ಟೀನಾ ಮತ್ತೊಂದು ಆತ್ಮಕಥೆಯನ್ನು ಬೇರೆ ಇಬ್ಬರು ಬರಹಗಾರರ ನೆರವಿನಿಂದ ಪ್ರಕಟಿಸಿದರು. ಅದರ ಕೇಂದ್ರದಲ್ಲಿದ್ದವರು ಎರಡನೆಯ ಪತಿ ಅರ್ವಿನ್ ಬಾಖ್. ಮೂತ್ರಪಿಂಡ ವಿಫಲವಾದಾಗ 2017ರಲ್ಲಿ ತಮ್ಮದೊಂದನ್ನು ಆಕೆಗೆ ಕೊಟ್ಟವರು.

ಈ ಎರಡರ ನಡುವಿನ ಮೂವತ್ತೆರಡು ವರ್ಷಗಳಲ್ಲಿ ಬದಲಾದದ್ದನ್ನೆಲ್ಲ ಸಾಲಾಗಿಟ್ಟು ನೋಡಿದರೆ ಕಾರ್ಯಕಾರಣ ಸ್ಪಷ್ಟವಾಗುತ್ತದೆ. ಹಿಂಸೆ ಕೊಟ್ಟವರು ಈಗ ಬದುಕಿಲ್ಲ, ಆದ್ದರಿಂದ ಅವರ ಬಗ್ಗೆ ಬರೆಯುವಾಗ ಭಯವಾಗಲಿ ಗೆಲ್ಲಬೇಕೆಂಬ ಹಟವಾಗಲಿ ಇಲ್ಲ. ಸಿನಿಮಾ ಬಂದು ಹೋಗಿರುವುದರಿಂದ ಲೇಖಕಿಗೆ ತಮ್ಮ ನೆನಪಿನ ಜೊತೆಗೆ ತೆರೆಯ ಮೇಲಿನ ತಮ್ಮ ಬಿಂಬಕ್ಕೂ ಉತ್ತರ ಹೇಳಬೇಕಾಗಿದೆ. ಸಾವಿನ ಅಂಚಿಗೆ ಹೋಗಿ ಬಂದವರಿಗೆ ಮೂವತ್ತು ವರ್ಷದ ಹಿಂದಿನ ಮದುವೆಗಿಂತ ಈಗಿನ ಸಂಸಾರ ದೊಡ್ಡದಾಗಿ ಕಾಣುವುದು ಸಹಜ. ಹೀಗಾಗಿ ಮೊದಲ ಪುಸ್ತಕದ ಹೋರಾಟಗಾರ್ತಿಯನ್ನು ಆರಾಧಿಸಿದವರಿಗೆ ಎರಡನೆಯದರಲ್ಲಿ ಕಾವು ಇಳಿದಂತೆ ತೋರಬಹುದು. ಆಕೆ ಕೊನೆಗೂ ನೆಮ್ಮದಿ ಕಂಡರೇ ಎಂದು ತಿಳಿಯಬೇಕಿದ್ದವರಿಗೆ ಎರಡನೆಯದೇ ಪೂರ್ಣ ಕಥೆ. ಎರಡೂ ಅಭಿಪ್ರಾಯಗಳಿಗೆ ಪುಸ್ತಕದಲ್ಲೇ ಆಧಾರವಿದೆ.

ಹೇಳಿದವರು ಒಬ್ಬರು, ಬರೆದವರು ಇನ್ನೊಬ್ಬರು

ಕನ್ನಡದ ನಟನಟಿಯರ ಆತ್ಮಕಥೆಗಳನ್ನು ಕೈಗೆತ್ತಿಕೊಂಡು ಒಳಗಿನ ಮೊದಲ ಪುಟವನ್ನು ನೋಡಿದರೆ, ಕಲಾವಿದರ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ಒಂದು ಸಾಲು ಇರುವುದು ಬಹಳ ಸಲ ಕಾಣುತ್ತದೆ: ನಿರೂಪಣೆ, ಅದರ ಮುಂದೆ ಇನ್ನೊಬ್ಬರ ಹೆಸರು. ಅಭಿಮಾನಿಗಳ ಕಣ್ಣು ಅದರ ಮೇಲೆ ನಿಲ್ಲುವುದಿಲ್ಲ. ಮುಂದಿನ ಪುಟದಲ್ಲಿ ಬಣ್ಣ ಹಚ್ಚಿಕೊಂಡ ಫೋಟೋ ಇರುತ್ತದೆ. ಎರಡನೆಯ ಆತ್ಮಕಥೆಯ ಗೊಂದಲವನ್ನು ಬಿಡಿಸುವ ಕೀಲಿಕೈ ಮಾತ್ರ ಆ ಸಣ್ಣ ಸಾಲಿನಲ್ಲೇ ಇದೆ.

ಬಾಲ್ಯದಲ್ಲೇ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದ ಬಿ.ವಿ. ಕಾರಂತರ ಆತ್ಮಕಥೆಯನ್ನು ಬರಹಕ್ಕಿಳಿಸಿದವರು ಕಥೆಗಾರ್ತಿ ವೈದೇಹಿ. ಹೇಳುವವರು ಮಾತಿನಲ್ಲಿ ಹಿಂದೆ ಮುಂದೆ ಹೋಗುತ್ತಾರೆ, ಮಧ್ಯೆ ಒಂದು ರಂಗಗೀತೆಯ ಸಾಲು ಗುನುಗುತ್ತಾರೆ, ಹೆಸರು ಮರೆತು ಮೂರು ದಿನದ ನಂತರ ನೆನಪಿಸಿಕೊಳ್ಳುತ್ತಾರೆ. ಬರೆಯುವವರು ಅದನ್ನು ಆಯ್ದು, ಜೋಡಿಸಿ, ಅಧ್ಯಾಯ ಮಾಡಿ, ಎಲ್ಲಿ ನಿಲ್ಲಿಸಬೇಕೆಂದು ತೀರ್ಮಾನಿಸುತ್ತಾರೆ. ಪುಸ್ತಕದ ಪ್ರತಿಯೊಂದು ವಾಕ್ಯದಲ್ಲೂ 'ನಾನು' ಎಂದಿದ್ದರೂ ಆ ವಾಕ್ಯದ ಲಯ ನಿರೂಪಕರದು. ನಿರೂಪಕರು ಸಮರ್ಥರಾದಷ್ಟೂ ಅವರ ಕೈ ಕಾಣುವುದಿಲ್ಲ, ಕಲಾವಿದರೇ ಎದುರು ಕುಳಿತು ಮಾತಾಡಿದಂತೆ ಅನ್ನಿಸುತ್ತದೆ. ಓದುಗರ ಪ್ರೀತಿ ಹುಟ್ಟುವುದು ಆ ದನಿಯ ಮೇಲೆ.

ಇದರಲ್ಲಿ ಕಾನೂನಿನ ಒಂದು ಎಳೆಯೂ ಇದೆ. 1937ರಲ್ಲಿ ಇಂಗ್ಲೆಂಡಿನ ನ್ಯಾಯಾಲಯದ ಮುಂದೆ ಸ್ಟೀವ್ ಡೊನೊಹ್ಯೂ ಎಂಬ ಹೆಸರಾಂತ ಕುದುರೆ ಜಾಕಿಯ ಪ್ರಕರಣ ಬಂದಿತ್ತು. ಆತ ತನ್ನ ಅನುಭವಗಳನ್ನು ಹೇಳಿದ್ದ, ಪತ್ರಕರ್ತರೊಬ್ಬರು ಅವನ್ನು ಲೇಖನಗಳಾಗಿ ಬರೆದಿದ್ದರು. ಅದೇ ಸರಕು ಬೇರೆ ರೂಪದಲ್ಲಿ ಮತ್ತೆ ಅಚ್ಚಾಗುತ್ತದೆಂದಾಗ ಜಾಕಿ ಹಕ್ಕು ತನ್ನದೆಂದು ತಡೆಯಾಜ್ಞೆ ಕೇಳಿದ, ನ್ಯಾಯಾಲಯ ಒಪ್ಪಲಿಲ್ಲ. ಬದುಕಿದವನು ಆತನಾದರೂ, ಆ ಬದುಕನ್ನು ಮಾತಿನ ರೂಪಕ್ಕೆ ತಂದವನು ಪತ್ರಕರ್ತ, ಕೃತಿಸ್ವಾಮ್ಯ ಇರುವುದು ರೂಪದ ಮೇಲೆ ಎಂಬುದು ತೀರ್ಪಿನ ಸಾರ. ವಿಷಯಕ್ಕೆ ಕೃತಿಸ್ವಾಮ್ಯವಿಲ್ಲ, ಅಭಿವ್ಯಕ್ತಿಗೆ ಮಾತ್ರ ಇದೆ ಎಂಬ ಇದೇ ತತ್ವವನ್ನು ನಮ್ಮ ಸುಪ್ರೀಂ ಕೋರ್ಟ್ 1978ರಲ್ಲಿ, ನಾಟಕವೊಂದನ್ನು ಸಿನಿಮಾ ಕದ್ದಿದೆ ಎಂಬ ಆರ್.ಜಿ. ಆನಂದ್ ಪ್ರಕರಣದಲ್ಲಿ, ವಿಸ್ತಾರವಾಗಿ ಹೇಳಿತು.

ಈಗ ಇದನ್ನು ಎರಡನೆಯ ಆತ್ಮಕಥೆಗೆ ಅನ್ವಯಿಸಿ ನೋಡಬೇಕು. ಮೊದಲ ಪುಸ್ತಕದ ನಿರೂಪಕರು ಒಪ್ಪಂದದ ಮೂಲಕ ಹಕ್ಕು ಬಿಟ್ಟುಕೊಡದೆ ಇದ್ದರೆ, ಆ ಪುಸ್ತಕದ ವಾಕ್ಯಗಳು ಕಲಾವಿದರ ಸ್ವಂತ ಆಸ್ತಿಯಾಗಿ ಉಳಿದಿರುವುದಿಲ್ಲ. ಎರಡನೆಯ ಪುಸ್ತಕಕ್ಕೆ ಬೇರೆ ನಿರೂಪಕರು, ಬೇರೆ ಪ್ರಕಾಶಕರು ಬಂದಾಗ, ಓದುಗರು ಬಾಯಿಪಾಠ ಮಾಡಿಕೊಂಡಿರುವ ಪ್ರಸಂಗವನ್ನು ಅದೇ ಮಾತಿನಲ್ಲಿ ಮತ್ತೆ ಬರೆಯುವಂತಿಲ್ಲ. ಹೊಸದಾಗಿ ಹೇಳಿಸಿ, ಹೊಸದಾಗಿ ಬರೆಯಬೇಕು. ಹೊಸದಾಗಿ ಹೇಳಿದಾಗ ಒಂದು ವಿವರ ಸೇರುತ್ತದೆ, ಒಂದು ಬಿಡುತ್ತದೆ. ಮೊದಲ ಪುಸ್ತಕದಲ್ಲಿ ಸುರಿಯುವ ಮಳೆಯಲ್ಲಿ ಎತ್ತಿನ ಗಾಡಿ ಏರಿ ಕಂಪನಿ ಸೇರಿದವರು ಎರಡನೆಯದರಲ್ಲಿ ಬಸ್ಸು ಹತ್ತಿ ಹೋಗಿರುತ್ತಾರೆ. ಅಭಿಮಾನಿ ಇದನ್ನು ಸುಳ್ಳು ಎನ್ನುತ್ತಾನೆ. ಕೆಲವೊಮ್ಮೆ ಸುಳ್ಳೇ ಇರಬಹುದು. ಹೆಚ್ಚಿನ ಸಲ ಅದು ಒಬ್ಬ ನಿರೂಪಕರು ಕೇಳಿದ ಪ್ರಶ್ನೆಯನ್ನು ಇನ್ನೊಬ್ಬರು ಕೇಳದೆ ಇದ್ದುದರ ಪರಿಣಾಮ.

ನೆನಪಿನ ಏರು ಇಳಿತ

ಎರಡನೆಯದು ಸಪ್ಪೆ ಎಂಬ ದೂರಿಗೆ ಮನಶ್ಶಾಸ್ತ್ರದಲ್ಲಿ ಒಂದು ವಿವರಣೆ ಸಿಗುತ್ತದೆ. ನಡುವಯಸ್ಸು ದಾಟಿದವರನ್ನು ಬದುಕಿನ ಘಟನೆಗಳನ್ನು ನೆನೆಯಲು ಕೇಳಿದರೆ, ಸುಮಾರು ಹತ್ತರಿಂದ ಮೂವತ್ತರ ವಯಸ್ಸಿನ ನಡುವಿನವೇ ಹೆಚ್ಚಾಗಿ, ಸ್ಪಷ್ಟವಾಗಿ ಬರುತ್ತವೆ ಎಂಬುದು ಸಂಶೋಧಕರು ಮತ್ತೆ ಮತ್ತೆ ಕಂಡುಕೊಂಡಿರುವ ಸಂಗತಿ. ಮೊದಲ ಸಲ ಬಣ್ಣ ಹಚ್ಚಿದ್ದು, ಮೊದಲ ಸಲ ಚಪ್ಪಾಳೆ ಕೇಳಿದ್ದು, ಊಟವಿಲ್ಲದೆ ಮಲಗಿದ್ದು, ಪ್ರೀತಿಸಿದ್ದು, ಎಲ್ಲವೂ ಆ ಅವಧಿಯವು. ಮೊದಲ ಪುಸ್ತಕ ಈ ಫಸಲನ್ನೆಲ್ಲ ಕೊಯ್ದುಬಿಟ್ಟಿರುತ್ತದೆ. ಮುಂದುವರಿಕೆಯ ಪುಸ್ತಕಕ್ಕೆ ಉಳಿಯುವುದು ಹೆಸರು ಬಂದ ಮೇಲಿನ ವರ್ಷಗಳು: ಪ್ರಶಸ್ತಿ, ವಿದೇಶ ಪ್ರವಾಸ, ಸಮಿತಿಗಳ ಸದಸ್ಯತ್ವ. ಇವನ್ನು ರುಚಿಯಾಗಿ ಬರೆಯುವುದು ಯಾರಿಗೂ ಕಷ್ಟ. ಸನ್ಮಾನದ ಶಾಲು ಹೊದಿಸಿಕೊಂಡ ಪುಟಗಳನ್ನು ಯಾವ ಅಭಿಮಾನಿಯೂ ಎರಡನೆಯ ಸಲ ಓದುವುದಿಲ್ಲ.

ಅಭಿಮಾನಿಗಳು ಕೇಳುವುದೇನು

ಅಭಿಮಾನಿಗಳ ನಿಲುವುಗಳನ್ನು ಹೊಗಳಿಕೆ ಮತ್ತು ತೆಗಳಿಕೆ ಎಂದು ಎರಡೇ ಪಾಲು ಮಾಡಿದರೆ ಅರ್ಧ ವಿಷಯ ಕಳೆದುಹೋಗುತ್ತದೆ. ಕಲಾವಿದರಿಂದ ಯಾರಿಗೆ ಏನು ಬೇಕಾಗಿದೆ ಎಂಬುದರ ಮೇಲೆ ಅಭಿಪ್ರಾಯ ನಿಲ್ಲುತ್ತದೆ.

ಹಿರಿಯ ಅಭಿಮಾನಿಗಳಲ್ಲಿ ಅನೇಕರಿಗೆ ಮೊದಲ ಪುಸ್ತಕ ತಮ್ಮ ಬದುಕಿನದೇ ಒಂದು ಭಾಗವಾಗಿರುತ್ತದೆ. ಅದನ್ನು ಅವರು ಓದಿದ್ದು ಇಪ್ಪತ್ತೈದರ ವಯಸ್ಸಿನಲ್ಲಿ. ಅದರ ಕಷ್ಟದ ಅಧ್ಯಾಯಗಳನ್ನು ನೆನೆದು ತಮ್ಮ ಕಷ್ಟ ದಾಟಿದವರಿದ್ದಾರೆ. ಆ ಕಷ್ಟಕ್ಕೆ ಕಾರಣ ತಾನೇ ಆಗಿದ್ದೆ ಎಂದು ಕಲಾವಿದರು ಎರಡನೆಯ ಪುಸ್ತಕದಲ್ಲಿ ಒಪ್ಪಿಕೊಂಡರೆ, ಓದುಗರಿಗೆ ಮೋಸವಾದ ಭಾವ ಬರುತ್ತದೆ. ಈ ನೋವನ್ನು ಕುರುಡು ಅಭಿಮಾನ ಎಂದು ತಳ್ಳಿಹಾಕುವುದು ಸುಲಭ, ಆದರೆ ಪುಸ್ತಕವನ್ನು ನಂಬಿ ಓದಿದ್ದು ಓದುಗರ ತಪ್ಪಲ್ಲ.

ಇದಕ್ಕೆ ಎದುರಾಗಿ, ಮೊದಲ ಪುಸ್ತಕ ಮುಚ್ಚಿಟ್ಟದ್ದನ್ನು ಎರಡನೆಯದು ಬಿಚ್ಚಿಟ್ಟಿತು ಎಂದು ಸ್ವಾಗತಿಸುವವರಲ್ಲಿ ಕಿರಿಯರೂ ಹೆಣ್ಣುಮಕ್ಕಳೂ ಹೆಚ್ಚಾಗಿ ಇರುವಂತೆ ತೋರುತ್ತದೆ. ರಂಗಭೂಮಿಯಲ್ಲಾಗಲಿ ಸಿನಿಮಾದಲ್ಲಾಗಲಿ ನಟಿಯರು ಮಾಲೀಕರ ಬಗ್ಗೆ, ಸಹನಟರ ಬಗ್ಗೆ ಮೊದಲ ಪುಸ್ತಕದಲ್ಲಿ ನಿಜ ಬರೆಯುವ ಸ್ಥಿತಿಯಲ್ಲಿ ಇರಲಿಲ್ಲ, ಅವರ ಅನ್ನ ಅಲ್ಲೇ ಇತ್ತು, ನಿವೃತ್ತರಾದ ಮೇಲೆ ಮಾತ್ರ ಬಾಯಿ ಬಿಡಲು ಸಾಧ್ಯ ಎಂಬುದು ಅವರ ವಾದ. ಈ ವಾದ ಬಲವಾದದ್ದು. ಮೌನಕ್ಕೆ ಕಾರಣವಿದ್ದ ಕಡೆ ಮೊದಲ ಪುಸ್ತಕದ ಮೌನವನ್ನು ಸುಳ್ಳು ಎನ್ನಲಾಗದು, ಎರಡನೆಯದರ ಮಾತನ್ನು ಪ್ರಚಾರದ ಆಸೆ ಎನ್ನಲೂ ಆಗದು.

ತುಮಕೂರಿನ ಕಡೆ ಮೂರನೆಯ ಬಗೆಯ ಓದುಗರೂ ಇದ್ದಾರೆ, ವಿಮರ್ಶಕರು ಇವರನ್ನು ಗಮನಿಸುವುದಿಲ್ಲ. ಜಿಲ್ಲೆಯ ಹಳ್ಳಿಗಳಲ್ಲಿ ಕುರುಕ್ಷೇತ್ರದಂಥ ಪೌರಾಣಿಕ ನಾಟಕಗಳು ಇಂದಿಗೂ ನಡೆಯುತ್ತವೆ. ಪಾತ್ರ ಮಾಡುವವರಿಗೆ ಸಂಬಳವಿಲ್ಲ. ಪಾತ್ರಕ್ಕಾಗಿ ಅವರೇ ಹಣ ಹಾಕುತ್ತಾರೆ, ಕೃಷ್ಣ, ದುರ್ಯೋಧನರಂಥ ದೊಡ್ಡ ಪಾತ್ರಕ್ಕೆ ಹೆಚ್ಚು. ಹಗಲು ಹೊಲದಲ್ಲಿ ದುಡಿದು, ರಾತ್ರಿ ಹಾರ್ಮೋನಿಯಂ ಮೇಷ್ಟ್ರ ಎದುರು ಕುಳಿತು ತಿಂಗಳುಗಟ್ಟಲೆ ಪದ್ಯಗಳ ಮಟ್ಟು ಕಲಿತವರು ನಟರೊಬ್ಬರ ಆತ್ಮಕಥೆಯಲ್ಲಿ ಹುಡುಕುವುದು ಕಸುಬಿನ ಗುಟ್ಟುಗಳನ್ನು: ಮೈಕು ಇಲ್ಲದ ಕಾಲದಲ್ಲಿ ಹಿಂದಿನ ಸಾಲಿಗೆ ದನಿ ಹೇಗೆ ಮುಟ್ಟಿಸುತ್ತಿದ್ದರು, ಮಾತು ಮರೆತಾಗ ಹೇಗೆ ತೇಲಿಸುತ್ತಿದ್ದರು, ಬೆವರಿದರೂ ಬಣ್ಣ ಕರಗದಂತೆ ಏನು ಮಾಡುತ್ತಿದ್ದರು. ಕಲಾವಿದರು ಎರಡನೆಯ ಪುಸ್ತಕದಲ್ಲಿ ಹಳ್ಳಿಯ ಕ್ಯಾಂಪುಗಳನ್ನು ಎರಡು ಪುಟದಲ್ಲಿ ಮುಗಿಸಿ ಬೆಂಗಳೂರಿನ ಪ್ರಶಸ್ತಿ ಸಮಾರಂಭಗಳಿಗೆ ಹೊರಟರೆ ಇವರಿಗೆ ನಿರಾಸೆ. ಆ ನಿರಾಸೆಯಲ್ಲಿ ನೈತಿಕ ಆರೋಪ ಯಾವುದೂ ಇಲ್ಲ.

ನಿರೀಕ್ಷೆಯನ್ನು ಹದಕ್ಕೆ ತರುವಲ್ಲಿ ಪುಸ್ತಕದ ಹೆಸರು ಎಷ್ಟು ಕೆಲಸ ಮಾಡಬಲ್ಲದು ಎಂಬುದಕ್ಕೆ ನೆರೆಯ ಚಿಕ್ಕಬಳ್ಳಾಪುರ ಜಿಲ್ಲೆಯ ಮುದ್ದೇನಹಳ್ಳಿಯವರಾದ ವಿಶ್ವೇಶ್ವರಯ್ಯನವರ ಉದಾಹರಣೆ ಇದೆ. 1951ರಲ್ಲಿ ಇಂಗ್ಲಿಷಿನಲ್ಲಿ ಬಂದ ಅವರ ನೆನಪುಗಳ ಪುಸ್ತಕ ತನ್ನನ್ನು ವೃತ್ತಿಜೀವನದ ನೆನಪುಗಳೆಂದೇ ಕರೆದುಕೊಂಡಿತು. ಅದರಲ್ಲಿ ಸಂಸಾರದ ಸುದ್ದಿ ಇಲ್ಲವೆಂದು ದೂರುವವರಿಲ್ಲ, ಏಕೆಂದರೆ ಕೊಡುತ್ತೇನೆಂದು ಅವರು ಹೇಳಿಯೇ ಇರಲಿಲ್ಲ. ಗುಬ್ಬಿ ವೀರಣ್ಣನವರ ಆತ್ಮಕಥೆಯ ಹೆಸರು 'ಕಲೆಯೇ ಕಾಯಕ'; ಕಾಯಕದ ಕಥೆ ಎಂಬ ಕರಾರು ಆ ಎರಡು ಪದಗಳಲ್ಲೇ ಆಗಿಹೋಗಿದೆ. ಮುಳಬಾಗಿಲಿನ ಡಿ.ವಿ.ಜಿ. ಇನ್ನೂ ಜಾಣತನದ ದಾರಿ ಹಿಡಿದರು: 'ಜ್ಞಾಪಕ ಚಿತ್ರಶಾಲೆ'ಯ ಸಂಪುಟಗಳಲ್ಲಿ ತಮ್ಮನ್ನು ಬದಿಗಿಟ್ಟು ಕಂಡವರ ಚಿತ್ರ ಬರೆದರು. ಆತ್ಮಕಥೆ ಎಂಬ ಪದವನ್ನೇ ಬಳಸದವರಿಗೆ ಎರಡನೆಯ ಆತ್ಮಕಥೆಯ ಸಮಸ್ಯೆಯೇ ಹುಟ್ಟುವುದಿಲ್ಲ.

ಕಾನೂನು ಎಲ್ಲಿ ಅಡ್ಡ ಬರುತ್ತದೆ

ಎರಡನೆಯ ಪುಸ್ತಕದಲ್ಲಿ ಧೈರ್ಯ ಹೆಚ್ಚುವುದಕ್ಕೆ ಕಾನೂನಿನ ಕಾರಣವೂ ಇದೆ. ತೀರಿಕೊಂಡವರ ಪರವಾಗಿ ಸಿವಿಲ್ ದಾವೆ ಹೂಡಿ ಮಾನನಷ್ಟದ ಪರಿಹಾರ ಪಡೆಯುವುದು ಬಹುಮಟ್ಟಿಗೆ ಸಾಧ್ಯವಿಲ್ಲ. ಆದ್ದರಿಂದ ಮೊದಲ ಪುಸ್ತಕದ ಕಾಲದಲ್ಲಿ ಬದುಕಿದ್ದ ಕಂಪನಿ ಮಾಲೀಕರೋ ನಿರ್ಮಾಪಕರೋ ಈಗ ಇಲ್ಲವೆಂದಾದರೆ ಬರೆಯುವವರ ಕೈ ಸಡಿಲವಾಗುತ್ತದೆ. ಆದರೆ ಪೂರ್ತಿ ಸಡಿಲವಾಗುವುದಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನ ಪ್ರಕಾರ, ಮೃತರ ಬಗ್ಗೆ ಹೇಳಿದ ಮಾತು ಅವರು ಬದುಕಿದ್ದರೆ ಹೆಸರಿಗೆ ಕುಂದು ತರುವಂಥದ್ದಾಗಿದ್ದು, ಕುಟುಂಬದವರ ಮನಸ್ಸನ್ನು ನೋಯಿಸುವ ಉದ್ದೇಶದಿಂದ ಹೇಳಿದ್ದಾದರೆ, ಅದು ಅಪರಾಧವಾಗಬಹುದು. ಹಳೆಯ ದಂಡ ಸಂಹಿತೆಯಲ್ಲೂ ಇದೇ ಮಾತು ಇತ್ತು. ಹೇಳಿದ್ದು ನಿಜ ಎಂಬುದೊಂದೇ ರಕ್ಷಣೆಗೆ ಸಾಲದು, ಸಾರ್ವಜನಿಕ ಹಿತಕ್ಕಾಗಿ ಹೇಳಿದ್ದು ಎಂದೂ ತೋರಿಸಬೇಕು. ಅಭಿಮಾನಿಗಳ ಚರ್ಚೆಯಲ್ಲಿ 'ನಿಜ ಹೇಳಿದರೆ ತಪ್ಪೇನು' ಎಂಬ ಪ್ರಶ್ನೆ ಬಂದಾಗಲೆಲ್ಲ ಈ ಎರಡನೆಯ ಷರತ್ತು ಮರೆತುಹೋಗುತ್ತದೆ.

ಮಾನನಷ್ಟಕ್ಕಿಂತ ಸೂಕ್ಷ್ಮವಾದದ್ದು ಖಾಸಗಿತನ. ತಮಿಳು ವಾರಪತ್ರಿಕೆಯೊಂದು ಕೈದಿಯ ಆತ್ಮಕಥೆಯನ್ನು ಪ್ರಕಟಿಸಲು ಹೊರಟಾಗ ಹುಟ್ಟಿದ ಆರ್. ರಾಜಗೋಪಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1994ರಲ್ಲಿ ಗೆರೆ ಎಳೆದಿದೆ: ಸಾರ್ವಜನಿಕ ದಾಖಲೆಗಳಲ್ಲಿ ಇರುವುದನ್ನು ಒಪ್ಪಿಗೆ ಇಲ್ಲದೆಯೂ ಪ್ರಕಟಿಸಬಹುದು, ಅದನ್ನು ಮೀರಿ ಒಬ್ಬರ ಖಾಸಗಿ ಬದುಕಿಗೆ ಕೈಹಾಕಿದರೆ ಹೊಣೆ ಹೊರಬೇಕು. 2017ರ ಪುಟ್ಟಸ್ವಾಮಿ ತೀರ್ಪು ಖಾಸಗಿತನವನ್ನು ಮೂಲಭೂತ ಹಕ್ಕಿನ ಸ್ಥಾನದಲ್ಲಿ ಇರಿಸಿತು. ಆತ್ಮಕಥೆ ಬರೆಯುವವರು ತಮ್ಮ ಗುಟ್ಟನ್ನು ಬಿಟ್ಟುಕೊಡಲು ಸ್ವತಂತ್ರರು. ಆದರೆ ಪ್ರೇಮ, ಮದುವೆ, ಜಗಳಗಳ ಗುಟ್ಟಿನಲ್ಲಿ ಅರ್ಧ ಪಾಲು ಇನ್ನೊಬ್ಬರದಾಗಿರುತ್ತದೆ. ಅದೇ 2017ರ ಅಕ್ಟೋಬರ್‌ನಲ್ಲಿ ಹಿಂದಿ ನಟ ನವಾಜುದ್ದೀನ್ ಸಿದ್ದಿಕಿ ಅವರು, ತಮ್ಮ ಪುಸ್ತಕದಲ್ಲಿ ಉಲ್ಲೇಖಗೊಂಡ ಮಹಿಳೆಯರ ಆಕ್ಷೇಪದ ನಂತರ, ಆತ್ಮಕಥೆಯನ್ನು ಹಿಂತೆಗೆದುಕೊಂಡರು. ಆ ಪುಸ್ತಕ ಅವರ ಮೊದಲನೆಯದು. ಅಲ್ಲಿ ಎದ್ದ ಪ್ರಶ್ನೆ ಎರಡನೆಯ ಪುಸ್ತಕಗಳಲ್ಲಿ ಇನ್ನೂ ತೀವ್ರವಾಗುತ್ತದೆ, ಏಕೆಂದರೆ ಮೊದಲನೆಯದರಲ್ಲಿ ಹೆಸರಿಲ್ಲದೆ ಬಂದವರಿಗೆ ಎರಡನೆಯದರಲ್ಲಿ ಹೆಸರು ಇಡಬೇಕೆಂಬ ಒತ್ತಡ ಪ್ರಕಾಶಕರ ಕಡೆಯಿಂದಲೂ ಓದುಗರ ಕಡೆಯಿಂದಲೂ ಇರುತ್ತದೆ.

ಮುಂದೆ ಏನಾಗಬಹುದು

ಎರಡನೆಯ ಆತ್ಮಕಥೆಗಳು ಕಡಿಮೆಯಾಗುವ ಲಕ್ಷಣವಿಲ್ಲ. ಕಲಾವಿದರ ಆಯುಷ್ಯ ಹೆಚ್ಚಿದೆ. ಐವತ್ತರಲ್ಲಿ ಬರೆದವರಿಗೆ ಇನ್ನೂ ಮೂವತ್ತು ವರ್ಷದ ಬದುಕು ಉಳಿದಿರುತ್ತದೆ. ಎರಡು ಪುಸ್ತಕಗಳ ನಡುವೆ ಟಿವಿ ಮತ್ತು ಯೂಟ್ಯೂಬ್ ಸಂದರ್ಶನಗಳಲ್ಲಿ ಅವರು ಅದೇ ಪ್ರಸಂಗಗಳನ್ನು ಹತ್ತು ಸಲ ಹೇಳಿರುತ್ತಾರೆ, ಪ್ರತಿ ಸಲವೂ ಸ್ವಲ್ಪ ಬೇರೆಯಾಗಿ. ನಿರೂಪಕರಿಗೆ ಅದು ಸಿದ್ಧ ಸರಕು. ಇದರ ಒಂದು ಪರಿಣಾಮವೆಂದರೆ ಎರಡನೆಯ ಪುಸ್ತಕದ ಓದುಗರು ಹಿಂದಿಗಿಂತ ಹೆಚ್ಚು ಬಿಗಿಯಾದ ಪರೀಕ್ಷಕರಾಗುತ್ತಾರೆ. ಮೊದಲು ಪುಸ್ತಕವನ್ನು ಪುಸ್ತಕದೊಂದಿಗೆ ಹೋಲಿಸುತ್ತಿದ್ದವರು ಈಗ ವಿಡಿಯೊದ ನಿಮಿಷ ಸೆಕೆಂಡು ಗುರುತಿಸಿ ತಪ್ಪು ತೋರಿಸುತ್ತಾರೆ.

ಸಿನಿಮಾ ಹಕ್ಕಿನ ಪ್ರಶ್ನೆ ಮತ್ತೊಂದು. ಬದುಕಿನ ಕಥೆಯ ಯಾವ ಪಾಠವನ್ನು ಆಧರಿಸಿ ಸಿನಿಮಾ ಆಗುತ್ತದೆಯೋ ಅದೇ ಜನರ ಮನಸ್ಸಿನಲ್ಲಿ ಗಟ್ಟಿಯಾಗುತ್ತದೆ. ಟೀನಾ ಟರ್ನರ್ ಅವರ ವಿಷಯದಲ್ಲಿ 1986ರ ಪಾಠ ತೆರೆಗೆ ಬಂದದ್ದರಿಂದ 2018ರ ಪಾಠ ಬಹುಮಟ್ಟಿಗೆ ಪುಸ್ತಕ ಓದುವವರಿಗೆ ಉಳಿಯಿತು. ಕನ್ನಡದಲ್ಲೂ ಕಲಾವಿದರ ಜೀವನಚಿತ್ರಗಳು ಬಂದರೆ ನಿರ್ಮಾಪಕರು ಯಾವ ಪುಸ್ತಕದ ಹಕ್ಕು ಕೊಂಡರು, ಹಕ್ಕು ಕೊಟ್ಟವರು ಕಲಾವಿದರೋ ನಿರೂಪಕರೋ ಎಂಬ ವ್ಯಾಜ್ಯಗಳು ಏಳುವುದು ಖಂಡಿತ. ಬಾಯಿಮಾತಿನ ಒಪ್ಪಂದದಲ್ಲಿ ಬರೆಸಿದ ಮೊದಲ ಪುಸ್ತಕಗಳ ವಿಷಯದಲ್ಲಿ ಉತ್ತರ ಸಿಗುವುದು ಸುಲಭವಿಲ್ಲ.

ಎಲ್ಲಕ್ಕಿಂತ ಹತ್ತಿರದ ಪರಿಣಾಮ ಕಾಣುವುದು ಪುಸ್ತಕದಂಗಡಿಯಲ್ಲಿ. ಎರಡನೆಯದರ ಸುದ್ದಿ ಬಂದಾಗ ಮೊದಲನೆಯದಕ್ಕೂ ಬೇಡಿಕೆ ಏಳುತ್ತದೆ. ಸಾವಿರ ಪ್ರತಿ ಅಚ್ಚಾಗಿ ಎಂದೋ ಮುಗಿದುಹೋದ ಪುಸ್ತಕವನ್ನು ಪ್ರಕಾಶಕರು ಮತ್ತೆ ಅಚ್ಚಿಗೆ ಕಳುಹಿಸುತ್ತಾರೆ. ಆ ಹಂತದಲ್ಲಿ ಕಲಾವಿದರು, ಎರಡನೆಯ ಪುಸ್ತಕಕ್ಕೆ ಹೊಂದುವಂತೆ, ಮೊದಲನೆಯದರ ಕೆಲವು ಸಾಲುಗಳನ್ನು ತಿದ್ದಿಸಲು ಬಯಸಬಹುದು. ತಿದ್ದಿದ್ದು 'ಪರಿಷ್ಕೃತ ಮುದ್ರಣ' ಎಂಬ ಎರಡು ಪದಗಳ ಹಿಂದೆ ಅಡಗಿಬಿಡುತ್ತದೆ. ಯಾವ ಪುಟದಲ್ಲಿ ಏನು ಬದಲಾಯಿತು ಎಂಬ ಟಿಪ್ಪಣಿ ಕೊಡುವ ಪದ್ಧತಿ ಇಂಥ ಪುಸ್ತಕಗಳಲ್ಲಿ ಅಪರೂಪ. ಕಡತಗಳಿಲ್ಲದ ರಂಗಭೂಮಿಯ ಚರಿತ್ರೆಗೆ ಇದರಿಂದ ಆಗುವ ನಷ್ಟ, ಎರಡು ಪುಸ್ತಕಗಳು ಪರಸ್ಪರ ಹೊಂದದೆ ಇರುವುದರಿಂದ ಆಗುವ ನಷ್ಟಕ್ಕಿಂತ ದೊಡ್ಡದು. ಹೊಂದದ ಎರಡು ಪಾಠಗಳು ಎದುರಿಗಿದ್ದರೆ ಸಂಶೋಧಕರು ತೂಗಿ ನೋಡಬಹುದು. ಒಂದು ಇನ್ನೊಂದರ ಅಳತೆಗೆ ತಿದ್ದಲ್ಪಟ್ಟರೆ ತೂಗಲು ಏನೂ ಉಳಿಯುವುದಿಲ್ಲ. ಮೊದಲ ಮುದ್ರಣದ ಹಳೆಯ ಪ್ರತಿ ಇರುವ ಗ್ರಂಥಾಲಯಗಳು, ಹೊಸ ಮುದ್ರಣ ಬಂದಿತೆಂಬ ಕಾರಣಕ್ಕೆ, ರಟ್ಟು ಕಿತ್ತ ಆ ಪ್ರತಿಯನ್ನು ರದ್ದಿಯ ಕಟ್ಟಿಗೆ ಸೇರಿಸದಿದ್ದರೆ ಅಭಿಮಾನಿಗಳ ಈ ಜಗಳಕ್ಕೆ ಬೇಕಾದ ಸಾಕ್ಷ್ಯವಾದರೂ ಉಳಿದಿರುತ್ತದೆ.